ಬಾರದ ಮಗುವಿನ ಲೆಕ್ಕ ಯಾರ ಹತ್ತಿರ ಇದೆ?

ಪ್ರಶ್ನೆ: ನಾನು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಯ ದಂಡೆಯ ಒಂದು ಗ್ರಾಮ ಪಂಚಾಯತಿಯ ಸದಸ್ಯೆ. ಮೊದಲ ಸಲ ಆರಿಸಿ ಬಂದವಳು. ನಮ್ಮಲ್ಲಿ ನಾಲ್ಕು ಅಂಗನವಾಡಿ, ಎರಡು ಶಾಲೆ ಇವೆ. ಅಂಗನವಾಡಿ ಅಕ್ಕೋರು ಪ್ರತಿ ತಿಂಗಳು ಮಕ್ಕಳ ತೂಕ, ಎತ್ತರ, ಹಾಜರಿ ಎಲ್ಲ ಮೊಬೈಲಿನಲ್ಲಿ ಹಾಕುತ್ತಾರೆ. ಸಭೆಯಲ್ಲಿ ಅಂಕಿ ಓದುತ್ತಾರೆ, ನಾವು ಹೂಂ ಅನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಈ ವರ್ಷ ಮಕ್ಕಳಿಗಾಗಿ ಸ್ವಲ್ಪ ಹಣ ತೆಗೆದಿಡಲು ಎಲ್ಲರನ್ನೂ ಒಪ್ಪಿಸಿದ್ದೇನೆ. ಯಾವುದಕ್ಕೆ ಹಾಕೋಣ ಅಂದರೆ ಗೋಡೆಗೆ ಬಣ್ಣ, ಜಾರುಬಂಡಿ ಅನ್ನುತ್ತಾರೆ. ಪೇಟೆಯ ಒಂದು ಕಾಲೇಜಿನವರು ಸರ್ವೆ ಮಾಡಿಕೊಡುತ್ತೇವೆ ಎಂದಿದ್ದಾರೆ. ಮಾಡಿಸಲಾ ಮೇಡಂ? ಈ ಅಂಕಿಗಳಿಂದ ನಮ್ಮ ಮಕ್ಕಳಿಗೆ ಏನಾದರೂ ಉಪಯೋಗ ಆಗುವ ಹಾಗೆ ಮಾಡೋದು ಹೇಗೆ?

ಉತ್ತರ: ಸರ್ವೆ ಸದ್ಯಕ್ಕೆ ಬೇಡ. ಕಾಲೇಜಿನವರಿಗೆ ಬೇರೆ ಕೆಲಸ ಕೊಡೋಣ, ಅದನ್ನು ಆಮೇಲೆ ಹೇಳುತ್ತೇನೆ. ನಿಮ್ಮ ಊರಿನಲ್ಲಿ ಈಗಾಗಲೇ ಬರೆದಿಟ್ಟಿರುವುದನ್ನೆಲ್ಲ ಮೊದಲು ಒಂದು ಮೇಜಿನ ಮೇಲೆ ತನ್ನಿ. ಅಂಗನವಾಡಿಯ ಹಾಜರಿ ಪುಸ್ತಕ, ತೂಕ, ಎತ್ತರ ಹಾಕುವ ಪೋಷಣ್ ಟ್ರ್ಯಾಕರ್ ಆ್ಯಪ್ ಇರುವ ಅಕ್ಕೋರ ಮೊಬೈಲು, ಆಶಾ ಕಾರ್ಯಕರ್ತೆಯ ಡೈರಿ, ಆರೋಗ್ಯ ಸಹಾಯಕಿಯ ಹತ್ತಿರ ಇರುವ ಚುಚ್ಚುಮದ್ದಿನ ಪಟ್ಟಿ, ಪೋಲಿಯೊ ಹನಿ ಹಾಕಿದ ಮನೆಗಳ ಪಟ್ಟಿ, ಶಾಲೆಯ ಹಾಜರಿ. ಇಷ್ಟೂ ನಿಮ್ಮ ಪಂಚಾಯತಿಯ ಗಡಿಯೊಳಗೇ ಇದೆ. ಆದರೆ ಒಂದು ಒಂದು ಇಲಾಖೆಗೆ, ಇನ್ನೊಂದು ಇನ್ನೊಂದು ಇಲಾಖೆಗೆ ಹೋಗುತ್ತದೆ. ಊರಿನಲ್ಲೇ ಕೂತು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಓದುವವರು ಯಾರೂ ಇಲ್ಲ. ಆ ಕೆಲಸ ನಿಮ್ಮದು ಅಂತ ಇಟ್ಟುಕೊಳ್ಳಿ. ಅದಕ್ಕೆ ಹಣ ಬೇಡ, ತಿಂಗಳಿಗೆ ಒಂದು ಮಧ್ಯಾಹ್ನ ಸಾಕು.

ನಾನು ಈ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲೂ ಘಟ್ಟದ ಮೇಲೂ ವರ್ಷಗಟ್ಟಲೆ ಅಂಗನವಾಡಿ ಮೇಲ್ವಿಚಾರಕಿಯಾಗಿ ಓಡಾಡಿದವಳು. ಓಡಾಡಿ ಕಲಿತದ್ದರಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಂದ ಮಕ್ಕಳ ಲೆಕ್ಕ ಎಲ್ಲರ ಹತ್ತಿರವೂ ಇರುತ್ತದೆ. ಬಾರದ ಮಗುವಿನ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ಜಾಸ್ತಿ ತೊಂದರೆಯಲ್ಲಿ ಇರೋದು ಆ ಮಗುವೇ.

ಶೇಕಡಾ ಲೆಕ್ಕದ ವಿಷಯಕ್ಕೆ ಬರೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೆಸರು ನೀವು ಕೇಳಿರುತ್ತೀರಿ. 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಶೇ 19.5ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ತೂಕ ಇಲ್ಲದವರು. ರಾಜ್ಯ ಎತ್ತ ಹೋಗುತ್ತಿದೆ ಅಂತ ತಿಳಿಯೋಕೆ ಇದು ಬೇಕೇ ಬೇಕು. ಆದರೆ ಆ ಸಮೀಕ್ಷೆಯಲ್ಲಿ ಒಂದು ಜಿಲ್ಲೆಗೆ ಸರಾಸರಿ 900ರ ಆಸುಪಾಸು ಮನೆಗಳನ್ನು ನೋಡಿರುತ್ತಾರೆ, ಅಷ್ಟೇ. ನಮ್ಮದು ಭಟ್ಕಳದ ದಂಡೆಯಿಂದ ಜೊಯಿಡಾದ ಕಾಡಿನ ತನಕ ಹನ್ನೆರಡು ತಾಲೂಕಿನ ಜಿಲ್ಲೆ. ಆ ಅಂಕಿ ನಿಮ್ಮ ಕೇರಿಯ ಬಗ್ಗೆ ಏನೂ ಹೇಳುವುದಿಲ್ಲ.

ಹಾಗಂತ ನಿಮ್ಮ ಊರಿಗೇ ಬೇರೆ ಶೇಕಡಾ ತೆಗೆದರೂ ಪ್ರಯೋಜನ ಇಲ್ಲ. ಒಂದು ಅಂಗನವಾಡಿಯಲ್ಲಿ 20 ಮಕ್ಕಳು ಅಂದುಕೊಳ್ಳಿ. ಒಂದು ಮಗುವಿಗೆ ಜ್ವರ ಬಂದು ತೂಕ ಇಳಿದರೆ ಅಪೌಷ್ಟಿಕತೆ ಶೇ 5 ಏರಿತು. ಆ ಮನೆಯವರು ಅಜ್ಜನ ಮನೆಗೆ ಹೋದರೆ ಶೇ 5 ಇಳಿಯಿತು. ಏರಿದ್ದಕ್ಕೆ ಗಾಬರಿ, ಇಳಿದದ್ದಕ್ಕೆ ಚಪ್ಪಾಳೆ, ಎರಡೂ ಸುಮ್ನೆ. ಊರಿನ ಮಟ್ಟದಲ್ಲಿ ಅಂಕಿ ಅಂದರೆ ಹೆಸರು. ಯಾವ ಮಗು, ಯಾವ ಮನೆ, ಹೋದ ತಿಂಗಳು ಎಷ್ಟಿತ್ತು, ಈ ತಿಂಗಳು ಎಷ್ಟಿದೆ, ಯಾಕೆ. ನಿಮ್ಮ ನಾಲ್ಕು ಅಂಗನವಾಡಿ ಸೇರಿದರೆ ನೂರರ ಒಳಗೆ ಹೊರಗೆ ಮಕ್ಕಳಿರಬಹುದು. ಅಷ್ಟನ್ನು ಹೆಸರು ಹಿಡಿದು ನೋಡೋದು ಆಗದ ಕೆಲಸವೇನೂ ಅಲ್ಲ.

ಪುಸ್ತಕ ತೆರೆದಾಗ ಅಂಕಿ ನಂಬಬಹುದೋ ಇಲ್ಲವೋ ಅಂತ ಮೊದಲು ನೋಡಬೇಕು. ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ತೂಕದ ಕಾಲಂ ಮೇಲೆ ಬೆರಳಿಟ್ಟು ಕೊನೆಯ ಅಂಕೆ ಮಾತ್ರ ಓದುತ್ತಾ ಕೆಳಗೆ ಬನ್ನಿ. 9.0, 10.5, 11.0, 8.5, 10.0 ಅಂತ ಎಲ್ಲವೂ ಸೊನ್ನೆ ಅಥವಾ ಐದರಲ್ಲಿ ಮುಗಿದರೆ ಅಂದಾಜಿನಲ್ಲಿ ಬರೆದದ್ದು ಅಂತ ಅರ್ಥ. ಮಕ್ಕಳು ಅರ್ಧರ್ಧ ಕಿಲೋ ಲೆಕ್ಕದಲ್ಲಿ ಬೆಳೆಯುವುದಿಲ್ಲ, ಅಲ್ವಾ? ನಿಜವಾಗಿ ತೂಗಿದ ಪಟ್ಟಿಯಲ್ಲಿ 9.3, 10.7, 8.8 ಎಲ್ಲ ಇರುತ್ತವೆ. ಹುಟ್ಟಿದ ದಿನದ ಕಾಲಂ ಕೂಡ ನೋಡಿ. ಜೂನ್ 1ರಂದೇ ಹುಟ್ಟಿದ ಮಕ್ಕಳು ಜಾಸ್ತಿ ಇದ್ದರೆ ಯಾರೋ ಶಾಲೆಗೆ ಸೇರಿಸುವ ಲೆಕ್ಕದಲ್ಲಿ ಬರೆಸಿದ್ದಾರೆ. ವಯಸ್ಸು ನಾಲ್ಕು ತಿಂಗಳು ಆಚೀಚೆ ಆದರೆ ಎತ್ತರದ ಲೆಕ್ಕ ಪೂರ್ತಿ ತಪ್ಪುತ್ತದೆ. ಬಸಿರಿನಲ್ಲಿ ಕೊಡುವ ತಾಯಿ ಕಾರ್ಡಿನ ಜೊತೆ ಹೋಲಿಸಿದರೆ ಸರಿಯಾದ ದಿನಾಂಕ ಸಿಗುತ್ತದೆ.

ತೂಕದ ಯಂತ್ರ ಸರಿ ಇದೆಯಾ ಅಂತ ತಿಳಿಯೋಕೆ ಎರಡು ಲೀಟರ್ ನೀರು ತುಂಬಿದ ಬಾಟಲಿ ಇಡಿ. ಎರಡು ಕಿಲೋ, ಮೇಲೆ ಬಾಟಲಿಯ ಒಂದಿಷ್ಟು ಗ್ರಾಂ ತೋರಿಸಬೇಕು. ಇನ್ನೂ ಕೆಲವು ಕಡೆ ನೇತಾಡುವ ಸಾಲ್ಟರ್ ತಕ್ಕಡಿ ಇದೆ. ಅದರಲ್ಲಿ 100 ಗ್ರಾಂಗೆ ಒಂದು ಗೀಟು. ಮಗುವನ್ನು ಅದಕ್ಕೆ ತೂಗುಹಾಕಿದ ಬಟ್ಟೆಯ ಚಡ್ಡಿಯಲ್ಲಿ ಕೂರಿಸಿದ ತಕ್ಷಣ ಅದು ಕಾಲು ಒದೆಯುತ್ತದೆ, ಅಳುತ್ತದೆ, ಮುಳ್ಳು ಕುಣಿಯುತ್ತದೆ. ಅಕ್ಕೋರು ಒಂದು ಕೈಯಲ್ಲಿ ಮಗುವಿನ ಬೆನ್ನು ಹಿಡಿದು, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು, ಹಿಂದೆ ಸಾಲಲ್ಲಿ ನಿಂತ ತಾಯಂದಿರಿಗೆ ಉತ್ತರ ಕೊಡುತ್ತಾ ಬರೆಯಬೇಕು. ಹಾಗಾಗಿ ಅರ್ಧ ಕಿಲೋಗೆ ಹೊಂದಿಸಿ ಬರೆಯೋದನ್ನು ಸೋಮಾರಿತನ ಅನ್ನಬೇಡಿ. ತೂಕದ ದಿನ ಇನ್ನೊಬ್ಬರು ಜೊತೆಗಿದ್ದರೆ ಅರ್ಧ ಸಮಸ್ಯೆ ಹೋಗುತ್ತದೆ. ನೀವೇ ಹೋಗಿ ಬರೆದುಕೊಡಿ. ಎತ್ತರಕ್ಕೂ ಒಂದು ನಿಯಮ ಇದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಆಮೇಲೆ ನಿಲ್ಲಿಸಿ. ಅದೇ ಮಗುವನ್ನು ಮಲಗಿಸಿದಾಗಿನ ಅಳತೆ ನಿಲ್ಲಿಸಿದಾಗಿನದಕ್ಕಿಂತ ಸುಮಾರು 0.7 ಸೆಂಟಿಮೀಟರ್ ಜಾಸ್ತಿ ಬರುತ್ತದೆ.

ಇನ್ನೊಂದು ಸಾಧನ ತೋಳಿನ ಪಟ್ಟಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡ ತೋಳಿನ ನಡುವೆ ಸುತ್ತಿ ನೋಡುವುದು. 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು. ಆ ಮಗು ಸ್ಯಾಮ್, ಅಂದರೆ ತೀವ್ರ ಅಪೌಷ್ಟಿಕ. 11.5ರಿಂದ 12.5ರ ಒಳಗೆ ಹಳದಿ. ಕೆಂಪು ಬಂದ ಮಗುವಿಗೆ ಮುಂದಿನ ಸಭೆಯ ತನಕ ಕಾಯುವ ಹಾಗಿಲ್ಲ. ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡಬೇಕು. ಬೇಕಾದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ, ಸಾಮಾನ್ಯವಾಗಿ 14 ದಿನ ತಾಯಿಯೂ ಅಲ್ಲೇ ಉಳಿಯಬೇಕಾಗುತ್ತದೆ. ಎತ್ತರ ಕಡಿಮೆ ಇರುವ ಮಗುವಿನ ಕಥೆ ಬೇರೆ. ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ಬಸಿರಿನಿಂದಲೇ ಬಂದ ಕೊರತೆ. ಒಂದು ತಿಂಗಳು ಮೊಟ್ಟೆ ಕೊಟ್ಟು ಎತ್ತರ ನೋಡಿ ಬೇಸರ ಮಾಡಿಕೊಳ್ಳಬಾರದು. ಎರಡನ್ನೂ ಒಂದೇ ಕಾಲಂನಲ್ಲಿ ಸೇರಿಸಿ ‘ಅಪೌಷ್ಟಿಕ ಮಕ್ಕಳು ಇಷ್ಟು’ ಅಂತ ಓದಿದರೆ ಯಾರಿಗೆ ಇವತ್ತೇ ಓಡಬೇಕು ಅನ್ನೋದೇ ತಿಳಿಯುವುದಿಲ್ಲ.

ಈಗ ನನ್ನ ಒಂದು ತಪ್ಪನ್ನು ಹೇಳಬೇಕು. ನಾನು ಮೇಲ್ವಿಚಾರಕಿಯಾಗಿ ಹೊಸದಾಗಿ ಬಂದಿದ್ದೆ. ಒಂದು ತಿಂಗಳು ನನ್ನ ವಲಯದಲ್ಲಿ ತೀವ್ರ ಅಪೌಷ್ಟಿಕ ಮಕ್ಕಳು ಎರಡರಿಂದ ಏಳಕ್ಕೆ ಏರಿದರು. ಹೊಸ ತಕ್ಕಡಿ ಬಂದಿತ್ತು, ಒಬ್ಬ ಅಕ್ಕೋರು ಎಲ್ಲರನ್ನೂ ಸರಿಯಾಗಿ ತೂಗಿದ್ದರು, ಅಷ್ಟೇ ಆಗಿದ್ದು. ಸಭೆಯಲ್ಲಿ ಎಲ್ಲರ ಎದುರು ನನ್ನನ್ನು ನಿಲ್ಲಿಸಿ ಕೇಳಿದರು. ನಾನು ಬಂದು ಆ ಅಕ್ಕೋರನ್ನು ಬೈದೆ. ಮುಂದಿನ ತಿಂಗಳು ‘ಇಲ್ಲ’ ಅಂತ ವರದಿ ಬಂತು. ನನಗೆ ಸಮಾಧಾನ ಆಯಿತು. ಮೂರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಹೋದಾಗ ಅದೇ ಏಳರಲ್ಲಿ ಒಂದು ಕೂಸನ್ನು ಅವರ ಮನೆಯ ಜಗುಲಿಯಲ್ಲಿ ನೋಡಿದೆ. ಅದರ ತೋಳು ನನ್ನ ಹೆಬ್ಬೆರಳು ತೋರುಬೆರಳಿನ ಉಂಗುರದೊಳಗೆ ಸಡಿಲವಾಗಿ ಆಡುತ್ತಿತ್ತು. ನನ್ನ ವರದಿಯಲ್ಲಿ ಅದು ‘ಸಾಧಾರಣ’. ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಕೂಸು ಉಳಿಯಿತು. ಆದರೆ ಆ ಮೂರು ತಿಂಗಳು ಅದರಿಂದ ಕಿತ್ತುಕೊಂಡವಳು ನಾನು.

ಅದಕ್ಕೇ ಕೇಳಿಕೊಳ್ಳುತ್ತೇನೆ. ಮುಂದಿನ ಸಭೆಯಲ್ಲಿ ಅಕ್ಕೋರ ಎದುರು ನೀವೇ ಬಾಯಿಬಿಟ್ಟು ಹೇಳಿ: ‘ಸಂಖ್ಯೆ ಏರಿದರೆ ಇಲ್ಲಿ ಯಾರೂ ನಿಮ್ಮನ್ನು ಬೈಯುವುದಿಲ್ಲ. ಹುಡುಕಿದ್ದೀರಿ ಅಂತ ತಿಳಿಯುತ್ತೇವೆ.’ ಹೇಳಿದ ಹಾಗೆ ನಡೆದುಕೊಳ್ಳಿ. ಮೊದಲ ಎರಡು ಮೂರು ತಿಂಗಳು ಸಂಖ್ಯೆ ಏರುತ್ತದೆ, ಏರಲೇಬೇಕು. ಈ ಒಂದು ಭರವಸೆ ಇಲ್ಲದಿದ್ದರೆ ಎಷ್ಟು ಒಳ್ಳೆಯ ಆ್ಯಪ್ ಬಂದರೂ ಅಷ್ಟೇ.

ಇನ್ನು ಪುಸ್ತಕದಲ್ಲೇ ಇಲ್ಲದ ಮಕ್ಕಳು. ಪೋಲಿಯೊ ಪಟ್ಟಿಯನ್ನು ಅಂಗನವಾಡಿ ಪಟ್ಟಿಯ ಪಕ್ಕ ಇಡಿ. ಪೋಲಿಯೊ ಹನಿ ಹಾಕುವವರು ಮನೆಮನೆಗೂ ಹೋಗುತ್ತಾರೆ, ಶೆಡ್ಡಿಗೂ ಹೋಗುತ್ತಾರೆ. ಅಲ್ಲಿ ಇದ್ದು ಇಲ್ಲಿ ಇಲ್ಲದ ಹೆಸರುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ನಮ್ಮ ಕರಾವಳಿಯಲ್ಲಿ ಅಂಥ ಹೆಸರು ಹೆಚ್ಚಾಗಿ ಮೂರು ಕಡೆ ಸಿಗುತ್ತವೆ. ಒಂದು, ರಸ್ತೆ ಕೆಲಸಕ್ಕೋ ಕಟ್ಟಡದ ಕೆಲಸಕ್ಕೋ ಬಂದು ಶೆಡ್ ಹಾಕಿಕೊಂಡವರ ಮಕ್ಕಳು. ಇವತ್ತು ಇಲ್ಲಿದ್ದು ದೀಪಾವಳಿಗೆ ಇನ್ನೊಂದೂರಿಗೆ ಹೋಗುವವರು. ಎರಡು, ಹಳ್ಳದ ಆಚೆಯ ನಾಲ್ಕೈದು ಮನೆಯ ಕೇರಿಗಳು. ಬೇಸಿಗೆಯಲ್ಲಿ ಹತ್ತು ನಿಮಿಷದ ದಾರಿ, ಮಳೆಗಾಲದಲ್ಲಿ ಹಳ್ಳ ದಾಟುವ ಸಂಕ (ಕಾಲುಸೇತುವೆ) ಮುಳುಗಿದರೆ ದಾರಿಯೇ ಇಲ್ಲ. ಮೂರು, ಮನೆಯಲ್ಲೇ ಇಟ್ಟುಕೊಂಡ ಮಕ್ಕಳು. ಮಾತು ಬಾರದ, ನಡೆಯಲು ತಡವಾದ, ಮೂರ್ಛೆ ಬರುವ ಮಕ್ಕಳು. ‘ಅದು ದೊಡ್ಡದಾಗಲಿ, ಆಮೇಲೆ ಕಳಿಸ್ತೇವೆ’ ಅನ್ನುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಇಂಥ ಮಕ್ಕಳನ್ನು ಬೇಗ ಗುರುತಿಸೋಕೇ 2013ರಲ್ಲಿ ಅದನ್ನು ಶುರು ಮಾಡಿದ್ದು. ಆದರೆ ಅವರು ಅಂಗನವಾಡಿಗೆ ಬಂದ ದಿನ ಈ ಮಗು ಅಲ್ಲಿ ಇರುವುದೇ ಇಲ್ಲ. ತಂಡ ಬರುವ ದಿನಾಂಕವನ್ನು ಮೊದಲೇ ಕೇಳಿಟ್ಟುಕೊಂಡು, ಆವತ್ತು ಪೆನ್ಸಿಲ್ ಗುರುತಿನ ಮಕ್ಕಳನ್ನು ಒಂದು ರಿಕ್ಷಾ ಮಾಡಿ ಕರೆಸಿ. ನಿಮ್ಮ ಹಣದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ನನಗೆ ಹೊಳೆಯುವುದಿಲ್ಲ.

ಹೆಸರಿದ್ದೂ ಬಾರದ ಮಕ್ಕಳ ಬಗ್ಗೆ ನಿಮ್ಮ ಅಘನಾಶಿನಿ ಹೊಳೆಯದ್ದೇ ಒಂದು ಉದಾಹರಣೆ ಹೇಳುತ್ತೇನೆ. ಹೊಳೆಬದಿಯ ಒಂದು ಅಂಗನವಾಡಿ. ಆರು ಮಕ್ಕಳ ಗೈರುಹಾಜರಿ ಗುಂಪುಗುಂಪಾಗಿ ಬೀಳುತ್ತಿತ್ತು. ನಾಲ್ಕೈದು ದಿನ ಇಲ್ಲ, ಹತ್ತು ದಿನ ಸರಿಯಾಗಿ ಇದ್ದಾರೆ, ಮತ್ತೆ ನಾಲ್ಕೈದು ದಿನ ಇಲ್ಲ. ಪಕ್ಕದ ಕಾಲಂನಲ್ಲಿ ‘ಪೋಷಕರ ನಿರ್ಲಕ್ಷ್ಯ’ ಅಂತ ಬರೆದಿತ್ತು. ಜ್ವರ ಅಂದುಕೊಳ್ಳೋಣ ಅಂದರೆ ಜ್ವರ ಹೀಗೆ ಲೆಕ್ಕ ಇಟ್ಟುಕೊಂಡು ಬರುವುದಿಲ್ಲ. ನಾನೂ ಅಲ್ಲಿನ ಅಕ್ಕೋರೂ ಗೋಡೆಯ ಕ್ಯಾಲೆಂಡರ್ ತೆಗೆದು ಹಾಜರಿ ಪುಸ್ತಕದ ಪಕ್ಕ ಇಟ್ಟೆವು. ಗೈರು ಬಿದ್ದ ದಿನಗಳೆಲ್ಲ ಹದಿನೈದು ದಿನಕ್ಕೊಮ್ಮೆ ಹೆಚ್ಚು ಕಡಿಮೆ ಅದೇ ತಿಥಿಗಳಿಗೆ ಬರುತ್ತಿದ್ದವು. ಯಾಕೆ ಅಂತ ನಮಗಿಬ್ಬರಿಗೂ ಹೊಳೆಯಲಿಲ್ಲ.

ಹೇಳಿದ್ದು ಒಬ್ಬ ತಾಯಿ. ಬಳಚು (ಹೊಳೆಯ ಚಿಪ್ಪುಮೀನು) ತೆಗೆದು ಬಂದು ಅಂಗಳದಲ್ಲಿ ಕೂತಿದ್ದರು. ಚಿಪ್ಪು ತಾಗಿ ಬೆರಳ ತುದಿಯೆಲ್ಲ ಸಣ್ಣಸಣ್ಣ ಗಾಯ. ‘ನೀರು ಬೆಳಗಿನ ಜಾವ ಇಳಿದ್ರೆ ನಾ ಹೋಗಿ ಬಂದು ಕೂಸನ್ನ ಬಿಡ್ತೆ. ಒಂಬತ್ತು ಹತ್ತಕ್ಕೆ ಇಳಿದ್ರೆ ಬಿಡೋರು ಯಾರು?’ ಅಂದರು. ಅಷ್ಟೇ ವಿಷಯ. ಬಳಚು ತೆಗೆಯೋದು ನೀರು ಇಳಿದಾಗ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುತ್ತದೆ. ಹಾಗಾಗಿ ಪ್ರತಿ ಹದಿನೈದು ದಿನದಲ್ಲಿ ಕೆಲವು ದಿನ ಅದು ಅಂಗನವಾಡಿ ತೆರೆಯುವ ಹೊತ್ತಿಗೇ ಬಂದು ಬೀಳುತ್ತದೆ. ಆ ದಿನಗಳಲ್ಲಿ ಸಹಾಯಕಿ ಅರ್ಧ ಗಂಟೆ ಮೊದಲು ಕೇರಿಗೆ ಹೋಗಿ ಆರು ಮಕ್ಕಳನ್ನೂ ಕೈ ಹಿಡಿಸಿ ಸಾಲಾಗಿ ಕರೆತರೋದು ಅಂತ ಮಾಡಿದರು. ಗೈರು ಮುಕ್ಕಾಲು ಪಾಲು ನಿಂತಿತು. ಹಾಜರಿ ಪುಸ್ತಕ ಇಲ್ಲದಿದ್ದರೆ ನಾವು ಆ ತಾಯಿಯ ಹತ್ತಿರ ಹೋಗುತ್ತಲೇ ಇರಲಿಲ್ಲ. ತಾಯಿಯನ್ನು ಕೇಳದಿದ್ದರೆ ಪುಸ್ತಕದಲ್ಲಿ ಇವತ್ತಿಗೂ ‘ನಿರ್ಲಕ್ಷ್ಯ’ ಅಂತಲೇ ಇರುತ್ತಿತ್ತು.

ಮೀನುಗಾರರ ಕೇರಿಗಳಲ್ಲಿ ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಕೈಯಲ್ಲಿ ದುಡ್ಡು ಕಡಿಮೆ, ಜೊತೆಗೆ ಮಳೆ, ಕೆಮ್ಮು, ಭೇದಿ. ಮಕ್ಕಳ ತೂಕ ಇಳಿಯೋ ಹೊತ್ತು ಅದು. ಅದಕ್ಕೇ ಜುಲೈ ತೂಕವನ್ನು ಏಪ್ರಿಲ್ ಜೊತೆ ಹೋಲಿಸಿ ‘ಅಂಗನವಾಡಿ ಹಾಳಾಯ್ತು’ ಅನ್ನಬೇಡಿ. ಹೋದ ವರ್ಷದ ಜುಲೈ ಜೊತೆ ಹೋಲಿಸಿ.

ಸಂಶೋಧನೆ ಏನು ಹೇಳುತ್ತದೆ ಅಂತಲೂ ನೋಡೋಣ. ನಿಮಗೆ ಉಪಯೋಗಕ್ಕೆ ಬರುವ ಎರಡು ಕೆಲಸಗಳು ಪಕ್ಕದ ತಮಿಳುನಾಡಿನಲ್ಲೇ ನಡೆದಿವೆ. 1980ರಲ್ಲಿ ಅಲ್ಲಿ ಒಂದು ಪೌಷ್ಟಿಕ ಆಹಾರ ಯೋಜನೆ ಶುರುವಾಯಿತು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳನ್ನು ಪ್ರತಿ ತಿಂಗಳು ತೂಗುತ್ತಿದ್ದರು. ತೂಕ ಏರದೆ ನಿಂತ ಮಗುವಿಗೆ 90 ದಿನ ಹೆಚ್ಚಿನ ಆಹಾರ, ತಾಯಿಗೆ ಪಕ್ಕದಲ್ಲೇ ಕೂತು ತಿಳಿಹೇಳೋದು, ಮಗು ಚೇತರಿಸಿಕೊಂಡ ಮೇಲೆ ನಿಲ್ಲಿಸೋದು. ಇಲ್ಲಿ ಗಮನಿಸಬೇಕಾದ್ದು ಏನಂದರೆ, ಮಗು ತೀರಾ ಬಡಕಲಾಗಲಿ ಅಂತ ಅವರು ಕಾಯಲಿಲ್ಲ. ಎರಡು ಮೂರು ತಿಂಗಳಿಂದ ತೂಕದ ಗೆರೆ ಏರಿಲ್ಲ ಅನ್ನೋದೇ ಸಾಕಿತ್ತು. ನಿಮ್ಮ ಅಕ್ಕೋರ ಹತ್ತಿರವೂ ಆ ಗೆರೆ ಇದೆ. ಇನ್ನೂ ‘ಹಸಿರು’ ಬಣ್ಣದಲ್ಲೇ, ಅಂದರೆ ಸಾಧಾರಣ ತೂಕದಲ್ಲೇ ಇದ್ದು ಗೆರೆ ಮಟ್ಟಸವಾಗಿ ಮಲಗಿದ ಮಗುವನ್ನು ಈ ತಿಂಗಳೇ ಹುಡುಕಿ ಅಂತ ಅವರಿಗೆ ಹೇಳಿ.

ಎರಡನೆಯದು ಈಚಿನದು. 640 ಅಂಗನವಾಡಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಆರಿಸಿ, ಅರ್ಧದಷ್ಟಕ್ಕೆ ಅರ್ಧ ದಿನ ಪಾಠ ಮಾಡುವ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟರು. ಒಂದೂವರೆ ವರ್ಷದ ಮೇಲೆ ನೋಡಿದರೆ ಪಾಠದ ಸಮಯ ಎರಡು ಪಟ್ಟಾಗಿತ್ತು, ಮಕ್ಕಳ ಲೆಕ್ಕ ಮತ್ತು ಭಾಷೆ ಸುಧಾರಿಸಿತ್ತು. ಜೊತೆಗೆ ಎತ್ತರ ಕುಂಠಿತವಾದ ಮಕ್ಕಳು ಮತ್ತು ತೀವ್ರ ಅಪೌಷ್ಟಿಕ ಮಕ್ಕಳು ಕೂಡ ಕಡಿಮೆಯಾಗಿದ್ದರು. ಪಾಠಕ್ಕೆ ಬೇರೆಯವರು ಬಂದಿದ್ದರಿಂದ ಹಳೆಯ ಕಾರ್ಯಕರ್ತೆಗೆ ಆರೋಗ್ಯ, ಆಹಾರದ ಕೆಲಸಕ್ಕೆ ಹೊತ್ತು ಸಿಕ್ಕಿತು. ಕಾರ್ಯಕರ್ತೆಯನ್ನು ನೇಮಿಸೋದು ಪಂಚಾಯತಿಯ ಕೈಯಲ್ಲಿಲ್ಲ, ನಿಜ. ಆದರೆ ಅಕ್ಕೋರ ಒಂದು ಗಂಟೆ ಉಳಿಸಿಕೊಡೋದು ನಿಮ್ಮ ಕೈಯಲ್ಲಿದೆ. ಒಂದೇ ಅಂಕಿಯನ್ನು ಪಂಚಾಯತಿಗೊಮ್ಮೆ, ಸಮಿತಿಗೊಮ್ಮೆ ಬೇರೆ ಹಾಳೆಯಲ್ಲಿ ಬರೆಸೋದು ಬಿಡಿ. ಸ್ವಸಹಾಯ ಸಂಘದ ಯಾರಾದರೂ ಓದಿದ ಹುಡುಗಿ ವಾರಕ್ಕೆ ಮೂರು ದಿನ ಬಂದು ಕಥೆ, ಹಾಡು, ಬಣ್ಣದ ಆಟ ನಡೆಸಿಕೊಟ್ಟರೆ ಎಷ್ಟು ಹಗುರಾಗುತ್ತದೆ ನೋಡಿ. ಅವಳಿಗೆ ಸ್ವಲ್ಪ ಗೌರವಧನ ಕೊಡುವ ದಾರಿ ಇದೆಯಾ ಅಂತ ನಿಮ್ಮ ಪಿಡಿಒ ಅವರನ್ನು ಕೇಳಿ. ಜಾರುಬಂಡಿ ಬೇಡ ಅನ್ನುತ್ತಿಲ್ಲ, ಮಕ್ಕಳಿಗೆ ಆಟ ಬೇಕು. ಅದರ ಸರದಿ ಎರಡನೆಯದು ಇರಲಿ.

ಏನೇ ಹೊಸದು ಮಾಡಿದರೂ ನಾಲ್ಕೂ ಕಡೆ ಒಟ್ಟಿಗೆ ಶುರು ಮಾಡಬೇಡಿ. ಎರಡು ಅಂಗನವಾಡಿಯಲ್ಲಿ ಈಗ, ಇನ್ನೆರಡರಲ್ಲಿ ಮೂರು ತಿಂಗಳ ಮೇಲೆ. ಆಗ ಹೋಲಿಸಲು ಏನಾದರೂ ಇರುತ್ತದೆ. ಇಲ್ಲೊಂದು ಮೋಸ ಹೋಗುವ ಜಾಗ ಇದೆ, ಹುಷಾರು. ಆಗಸ್ಟಿನಲ್ಲಿ ತೀರಾ ಕಡಿಮೆ ತೂಕದ ಹತ್ತು ಮಕ್ಕಳನ್ನು ಆರಿಸಿ ಯಾವುದೋ ಪುಡಿ ಕೊಟ್ಟರೆ ಅಕ್ಟೋಬರಿನಲ್ಲಿ ಏಳೆಂಟು ಮಕ್ಕಳ ತೂಕ ಏರಿರುತ್ತದೆ. ಪುಡಿ ಕೊಡದಿದ್ದರೂ ಅವರಲ್ಲಿ ಬಹಳಷ್ಟು ಮಕ್ಕಳ ತೂಕ ಏರುತ್ತಿತ್ತು. ಭೇದಿ ನಿಂತಿದೆ, ಮಳೆ ಕಡಿಮೆಯಾಗಿದೆ, ಬೋಟು ಕಡಲಿಗೆ ಹೋಗಿದೆ. ಪುಡಿ ಮಾರುವವರು ಮೊದಲಿನ ಮತ್ತು ಆಮೇಲಿನ ತೂಕ ತೋರಿಸಿದರೆ, ಪುಡಿ ತಿನ್ನದ ಮಕ್ಕಳ ತೂಕ ಎಷ್ಟಾಯಿತು ಅಂತ ಕೇಳಿ. ನಿಮ್ಮ ಸಣ್ಣ ಊರಿನಲ್ಲಿ ತೂಕಕ್ಕಿಂತ ಬೇಗ ಬದಲಾಗುವ ಅಂಕಿಗಳೂ ಇವೆ. ಮಗು ತಿಂಗಳಲ್ಲಿ ಎಷ್ಟು ದಿನ ಬಂತು, ಎಷ್ಟು ದಿನ ಮೊಟ್ಟೆ ತಿಂದಿತು, ಕೆಂಪು ಬಂದ ಮಗುವನ್ನು ಎಷ್ಟು ದಿನದಲ್ಲಿ ವೈದ್ಯರು ನೋಡಿದರು. ಕೊನೆಯದನ್ನು ಪ್ರತಿ ಸಭೆಯಲ್ಲೂ ಕೇಳಿ.

ಶಾಲೆಯ ಮಕ್ಕಳ ವಿಷಯದಲ್ಲಿ ಮಕ್ಕಳನ್ನೇ ಕೇಳೋದು ಒಳ್ಳೆಯದು. ಪಕ್ಕದ ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತಿಗಳು ನಡೆದಿದ್ದವು. ಮಕ್ಕಳೇ ಮಾಹಿತಿ ಕೂಡಿಸಿ ದೊಡ್ಡವರ ಮುಂದೆ ಇಡುತ್ತಿದ್ದರು. ಈಗ ನಿಮ್ಮಲ್ಲೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಲೇಬೇಕು. ಅದು ಭಾಷಣ, ಬಿಸ್ಕಿಟ್‌ನಲ್ಲಿ ಮುಗಿಯದಿರಲಿ. ಹದಿನೈದು ದಿನ ಮೊದಲು ಪ್ರತಿ ಮಗುವಿಗೂ ಒಂದು ಹಾಳೆ ಕೊಟ್ಟು ಮನೆಯಿಂದ ಶಾಲೆಯ ದಾರಿ ಬರೆಯಿಸಿ. ಹೆದರಿಕೆ ಆಗುವ ಜಾಗಕ್ಕೆ ಕೆಂಪು ಬಣ್ಣ. ಹಾಳೆಗಳನ್ನು ಸೇರಿಸಿ ನೋಡಿದರೆ ಯಾವ ಸಂಕಕ್ಕೆ ಹಿಡಿದುಕೊಳ್ಳುವ ಕಂಬಿ ಇಲ್ಲ, ಯಾವ ತಿರುವಿನಲ್ಲಿ ನಾಯಿ ಇವೆ, ಯಾವ ಅಂಗಡಿಯ ಮುಂದೆ ಹುಡುಗಿಯರು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ ಎಲ್ಲ ಕಾಣುತ್ತದೆ. ಯಾವ ಸರ್ವೆಯಲ್ಲೂ ಇಷ್ಟು ಸಿಗುವುದಿಲ್ಲ.

ಒಂದು ಎಚ್ಚರಿಕೆ. ಹೆಸರು ಹಿಡಿದು ನೋಡಿ ಅಂದೆ, ಹೆಸರು ಹಿಡಿದು ಓದಿ ಅಂದಿಲ್ಲ. ಗ್ರಾಮಸಭೆಯಲ್ಲಾಗಲಿ, ವಾಟ್ಸಾಪ್ ಗುಂಪಿನಲ್ಲಾಗಲಿ, ನೋಟಿಸ್ ಬೋರ್ಡಿನಲ್ಲಾಗಲಿ ಸ್ಯಾಮ್ ಮಗುವಿನ ಹೆಸರು, ಫೋಟೊ ಬರಕೂಡದು. ಒಂದು ಸಲ ಊರೆದುರು ‘ಇವರ ಮಗುವಿಗೆ ಅಪೌಷ್ಟಿಕತೆ’ ಅಂತ ಕೇಳಿಸಿಕೊಂಡ ತಾಯಿ ಮತ್ತೆ ತೂಕಕ್ಕೆ ಬರುವುದಿಲ್ಲ. ಹೆಸರಿನ ಪಟ್ಟಿ ಅಕ್ಕೋರು, ಆಶಾ, ಆರೋಗ್ಯ ಸಹಾಯಕಿ ಈ ಮೂವರ ನಡುವೆ ಇರಲಿ. ನೀವು ಅವರ ಜೊತೆ ಕೂತು ನೋಡಿ, ನಕಲು ಮನೆಗೆ ಒಯ್ಯಬೇಡಿ. ಸಭೆಗೆ ಸಂಖ್ಯೆ ಸಾಕು.

ಕಾಲೇಜಿನ ಹುಡುಗರು ಬರಲಿ. ನೂರು ಪ್ರಶ್ನೆಯ ಫಾರ್ಮ್ ಬೇಡ. ಪೆನ್ಸಿಲ್ ಗುರುತಿನ ಮನೆಗಳಿಗೆ ಮಾತ್ರ, ಆಶಾ ಕಾರ್ಯಕರ್ತೆಯ ಜೊತೆ, ಮನೆಯವರ ಒಪ್ಪಿಗೆ ಕೇಳಿಕೊಂಡು ಹೋಗಲಿ. ಒಂದೇ ಪ್ರಶ್ನೆ: ಮಗು ಬರೋದಕ್ಕೆ ಏನು ಅಡ್ಡ ಬರುತ್ತಿದೆ? ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ, ಕೊಂಕಣಿ ಮನೆಯಾದರೆ ಕೊಂಕಣಿ ಬಲ್ಲವರು ಹೋಗಲಿ. ಎರಡು ತಿಂಗಳೊಳಗೆ ನಿಮ್ಮೂರಿಗೇ ಬಂದು, ಹೆಸರು ಬಿಟ್ಟು, ಕಂಡದ್ದನ್ನು ಹೇಳಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಎಷ್ಟೋ ಸರ್ವೆಗಳು ನಮ್ಮ ಜಿಲ್ಲೆಯ ಮನೆಮನೆಯಿಂದ ಉತ್ತರ ತೆಗೆದುಕೊಂಡು ಹೋಗಿವೆ, ಮನೆಯವರಿಗೆ ಒಂದು ಮಾತೂ ವಾಪಸ್ ಬಂದಿಲ್ಲ.

ಶುರು ಮಾಡೋಕೆ ಮೇ ತಿಂಗಳು ಒಳ್ಳೆಯದು. ಮಳೆ ಹಿಡಿಯುವ ಮೊದಲು ಪಟ್ಟಿ ತಯಾರಾಗಿರಲಿ. ಹಳ್ಳದ ಆಚೆಯ ಮನೆಗಳಿಗೆ ಜೂನ್, ಜುಲೈನ ಆಹಾರ ಹೇಗೆ ತಲುಪಿಸೋದು, ತೂಕದ ದಿನ ಸಂಕ ಮುಳುಗಿದ್ದರೆ ತೋಳಿನ ಪಟ್ಟಿ ಹಿಡಿದು ಯಾರು ಹೋಗೋದು ಅನ್ನೋದನ್ನು ಆ ಸಭೆಯಲ್ಲೇ ತೀರ್ಮಾನ ಮಾಡಿ. ಆಚೆ ದಂಡೆಯಲ್ಲೇ ಇರುವ ಯಾರಾದರೂ ತಾಯಿಗೆ ಪಟ್ಟಿ ಸುತ್ತೋದನ್ನು ಈಗಲೇ ಕಲಿಸಿಟ್ಟರೆ, ನೀರು ಏರಿದ ದಿನವೂ ಕೆಂಪು ಬಂದ ಮಗುವಿನ ಸುದ್ದಿ ಒಂದು ಫೋನಿನಲ್ಲಿ ನಿಮಗೆ ಮುಟ್ಟುತ್ತದೆ.